ಅಮೆರಿಕದ ನಿಮ್ಮೂರಿಗೆ ಪ್ರಾಶಸ್ತ್ಯ ಮತದಾನ ತರೋದು ಹೇಗೆ

ಇದು ಅಮೆರಿಕದಲ್ಲಿ ನೆಲೆಸಿ, ತಮ್ಮೂರಿನ ಸಿಟಿ ಕೌನ್ಸಿಲ್ ಎಲೆಕ್ಷನ್ ನೋಡಿ ಬೇಜಾರಾಗಿರೋ ಕನ್ನಡದವರಿಗೆ ಅಂತ ಬರೀತಿರೋದು. ಒಂದು ಸೀಟಿಗೆ ಐದಾರು ಜನ ನಿಲ್ತಾರೆ, ಓಟು ಒಡೆದು ಹಂಚಿಹೋಗತ್ತೆ, ಕೊನೆಗೆ ಊರಲ್ಲಿ ಮುಕ್ಕಾಲು ಭಾಗ ಜನಕ್ಕೆ ಬೇಡವಾದೋರು ಗೆದ್ದು ನಾಲ್ಕು ವರ್ಷ ಕೂರ್ತಾರೆ. ನಾರ್ತ್ ಡಕೋಟಾದ ಫಾರ್ಗೋದಲ್ಲಿ 2015ರಲ್ಲಿ ಹೀಗೇ ಆಯ್ತು, ಸಿಟಿ ಕಮಿಷನ್ನಿನ ಒಂದು ಸೀಟಿಗೆ ಆರು ಜನ ನಿಂತು ಸುಮಾರು 22% ಓಟು ಸಿಕ್ಕೋರು ಗೆದ್ರು. ಆ ಊರಿನವರು ಸುಮ್ನೆ ಕೂರ್ಲಿಲ್ಲ, 2018ರಲ್ಲಿ ಓಟ್ ಹಾಕೋ ಪದ್ಧತಿನೇ ಬದಲಾಯಿಸಿದ್ರು. ಆಮೇಲೆ ರಾಜ್ಯದವರು ಅದನ್ನ ಹೆಂಗೆ ತೆಗೆದು ಹಾಕಿದ್ರು ಅನ್ನೋದು ಮುಂದೆ ಬರತ್ತೆ.

ಊರಿಗೆ ಪ್ರಾಶಸ್ತ್ಯ ಮತದಾನ, ಅಂದ್ರೆ ಅಭ್ಯರ್ಥಿಗಳಿಗೆ 1, 2, 3 ಅಂತ ಕ್ರಮ ಕೊಟ್ಟು ಓಟ್ ಹಾಕೋ ಪದ್ಧತಿ, ತರೋ ಕೆಲಸಕ್ಕೆ ಇಳಿಯೋರು ಹೆಚ್ಚಿನವರು ಜನಾನ ಒಪ್ಪಿಸೋದೇ ಕಷ್ಟ ಅಂದ್ಕೊಂಡಿರ್ತಾರೆ. ನಂಗೆ ಅನ್ಸೋದು ಅದು ಈ ಕೆಲಸದಲ್ಲಿ ಸಲೀಸಾದ ಭಾಗ, ನಿಜವಾದ ಕಷ್ಟ ಇರೋದು ಶುರು ಮಾಡೋಕೆ ಮುಂಚೆ ಕಾನೂನು ಓದೋದ್ರಲ್ಲಿ ಮತ್ತೆ ಗೆದ್ದ ಮೇಲೆ ಜಾರಿ ಮಾಡಿಸೋದ್ರಲ್ಲಿ. ಅದಕ್ಕೇ ಇಲ್ಲಿ ಆ ಎರಡರ ಬಗ್ಗೆನೇ ಜಾಸ್ತಿ ಬರ್ದಿದ್ದೀನಿ.

ಮೊದಲು ಪದ್ಧತಿ ಏನು ಅಂತ ಬೇಗ ಹೇಳ್ಬಿಡ್ತೀನಿ, ಯಾಕಂದ್ರೆ ಕರ್ನಾಟಕದಿಂದ ಬಂದೋರಿಗೆ ಇದು ಪೂರ್ತಿ ಹೊಸದಲ್ಲ. ವಿಧಾನ ಪರಿಷತ್ತಿಗೆ ಪದವೀಧರ ಕ್ಷೇತ್ರದಿಂದ 7 ಜನ, ಶಿಕ್ಷಕರ ಕ್ಷೇತ್ರದಿಂದ 7 ಜನ ಆಯ್ಕೆ ಆಗ್ತಾರಲ್ಲ, ಅಲ್ಲಿ ಇವಿಎಂ ಇಲ್ಲ, ಬ್ಯಾಲಟ್ ಪೇಪರ್ ಮೇಲೆ ಅವರೇ ಕೊಟ್ಟ ನೇರಳೆ ಪೆನ್ನಲ್ಲಿ 1, 2, 3 ಅಂತ ಬರೀಬೇಕು. ಮೊದಲ ಪ್ರಾಶಸ್ತ್ಯದ ಓಟಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರ್ಲಿಲ್ಲ ಅಂದ್ರೆ ಕಮ್ಮಿ ಬಂದೋರನ್ನ ಎಲಿಮಿನೇಟ್ ಮಾಡಿ, ಅವರ ಓಟನ್ನ ಎರಡನೇ ಪ್ರಾಶಸ್ತ್ಯ ನೋಡಿ ಹಂಚ್ತಾ ಹೋಗ್ತಾರೆ, ಎಣಿಕೆ ರಾತ್ರಿಯೆಲ್ಲಾ ನಡೆಯತ್ತೆ. ಅಮೆರಿಕದಲ್ಲಿ ರ‍್ಯಾಂಕ್ಡ್ ಚಾಯ್ಸ್ ವೋಟಿಂಗ್, ಆರ್‌ಸಿವಿ ಅಂತಾರಲ್ಲ, ಒಬ್ಬರೇ ಗೆಲ್ಲೋ ಎಲೆಕ್ಷನ್ನಲ್ಲಿ ಅದು ಹೆಚ್ಚುಕಮ್ಮಿ ಇದೇ. ನಿಮ್ಮ ಮನೇಲಿ ಅಪ್ಪ ಅಮ್ಮ ಯಾರಾದ್ರೂ ಮೇಷ್ಟ್ರಾಗಿದ್ರೆ ಅವರು ಈ ಓಟು ಹಾಕಿರ್ತಾರೆ, ಕೇಳಿ ನೋಡಿ.

ಯಾವ ಪದ್ಧತಿ ಆರಿಸೋದು

ಆರ್‌ಸಿವಿ ಒಂದೇ ಇಲ್ಲ. ಮೇಯರ್ ಥರ ಒಂದೇ ಸೀಟಿದ್ರೆ ಮೇಲೆ ಹೇಳಿದ ಹಂಗೆ. ಒಂದು ಏರಿಯಾದಿಂದ ಮೂರು ನಾಲ್ಕು ಜನ ಒಟ್ಟಿಗೆ ಗೆಲ್ಲೋದಾದ್ರೆ ಎಸ್‌ಟಿವಿ (ಸಿಂಗಲ್ ಟ್ರಾನ್ಸ್‌ಫರಬಲ್ ವೋಟ್), ನಮ್ಮ ರಾಜ್ಯಸಭೆಗೆ ಎಂಎಲ್‌ಎಗಳು ಓಟ್ ಹಾಕೋದು ಅದರಲ್ಲೇ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್ ಊರಲ್ಲಿ 1941ರಿಂದ ಇವತ್ತಿನವರೆಗೂ ಬಿಡದೆ ಅದೇ ನಡ್ಕೊಂಡು ಬಂದಿದೆ, ಆರೆಗಾನ್‌ನ ಪೋರ್ಟ್‌ಲ್ಯಾಂಡ್ 2022ರಲ್ಲಿ ಚಾರ್ಟರ್ (ಊರಿನ ಸ್ವಂತ ಸಂವಿಧಾನ ಇದ್ದಂಗೆ) ಬದಲಾಯಿಸಿ 2024ರಲ್ಲಿ 4 ಡಿಸ್ಟ್ರಿಕ್ಟಿಂದ ತಲಾ 3 ಜನರಂತೆ 12 ಕೌನ್ಸಿಲರ್‌ಗಳನ್ನ ಹಿಂಗೇ ಆರಿಸ್ಕೊಳ್ತು. ಅಲ್ಲಿ ಗೆಲ್ಲೋಕೆ 25%ಕ್ಕಿಂತ ಸ್ವಲ್ಪ ಜಾಸ್ತಿ ಓಟು ಸಾಕು, ಅಂದ್ರೆ ಒಂದು ಡಿಸ್ಟ್ರಿಕ್ಟಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇರೋ ಗುಂಪಿಗೂ ಒಂದು ಸೀಟು ಸಿಗತ್ತೆ, ನನ್ನ ಪ್ರಕಾರ ನಮ್ಮಂಥ ಸಣ್ಣ ಸಮುದಾಯಗಳಿಗೆ ಎಲ್ಲಕ್ಕಿಂತ ಒಳ್ಳೇದು ಇದೇ, ಆದ್ರೆ ವಿವರಿಸೋದು ಕಷ್ಟ.

ಇನ್ನೊಂದು ಅಪ್ರೂವಲ್ ವೋಟಿಂಗ್. ಇದರಲ್ಲಿ ನಂಬರ್ ಏನೂ ಇಲ್ಲ, ಇಷ್ಟ ಆದೋರಿಗೆಲ್ಲಾ ಒಂದೊಂದು ಟಿಕ್, ಜಾಸ್ತಿ ಟಿಕ್ ಬಂದೋರು ಗೆದ್ರು ಅಷ್ಟೇ. ಫಾರ್ಗೋ ತಗೊಂಡಿದ್ದು ಇದನ್ನ, ಸೇಂಟ್ ಲೂಯಿಸ್ ಕೂಡ 2020ರ ನವೆಂಬರ್‌ನಲ್ಲಿ ಇದನ್ನೇ ಪಾಸ್ ಮಾಡ್ಕೊಂಡು 2021ರ ಮಾರ್ಚ್‌ನಲ್ಲಿ ಬಳಸ್ತು, ಅಲ್ಲಿ ಪ್ರೈಮರಿಲಿ, ಅಂದ್ರೆ ಮೊದಲ ಸುತ್ತಿನ ಎಲೆಕ್ಷನ್ನಲ್ಲಿ, ಮೊದಲ ಇಬ್ಬರು ಬಂದೋರು ಏಪ್ರಿಲ್‌ನಲ್ಲಿ ಎದುರುಬದುರು ನಿಲ್ತಾರೆ. ಮೆಷಿನ್ ಹಳೇದಿದ್ರೆ, ದುಡ್ಡಿಲ್ಲ ಅಂದ್ರೆ ಇದು ಸುಲಭ. ಸ್ಟಾರ್ ಅಂತ ಇನ್ನೊಂದಿದೆ, ಒಬ್ಬೊಬ್ಬರಿಗೂ 0ಯಿಂದ 5 ಅಂಕ ಕೊಡೋದು, ಆರೆಗಾನ್‌ನ ಯೂಜೀನ್‌ನಲ್ಲಿ 2024ರಲ್ಲಿ ಓಟಿಗೆ ಬಂದು ಸೋತುಹೋಯ್ತು.

ಯಾವುದನ್ನ ಆರಿಸಿದ್ರೂ ಅದರ ಕೊರತೆ ಮೊದಲೇ ತಿಳ್ಕೊಂಡಿರಿ, ಎದುರಾಳಿಗಳು ಹೇಳೋ ಮುಂಚೆ ನೀವೇ ಹೇಳ್ಬೇಕು. ಆರ್‌ಸಿವಿ ವಿರೋಧಿಗಳು ಯಾವಾಗ್ಲೂ ತೆಗೆಯೋದು ವರ್ಮಾಂಟ್‌ನ ಬರ್ಲಿಂಗ್ಟನ್ ಹೆಸರು. ಅಲ್ಲಿ 2009ರ ಮೇಯರ್ ಎಲೆಕ್ಷನ್ನಲ್ಲಿ ಮೊದಲ ಸುತ್ತಲ್ಲಿ ರಿಪಬ್ಲಿಕನ್ ಕರ್ಟ್ ರೈಟ್ ಮುಂದಿದ್ರು, ಗೆದ್ದಿದ್ದು ಪ್ರೊಗ್ರೆಸಿವ್ ಪಾರ್ಟಿಯ ಬಾಬ್ ಕಿಸ್, ಆದ್ರೆ ಬ್ಯಾಲಟ್‌ಗಳನ್ನೆಲ್ಲಾ ಇಬ್ಬಿಬ್ಬರನ್ನಾಗಿ ಹೋಲಿಸಿ ನೋಡಿದ್ರೆ ಡೆಮಾಕ್ರಾಟ್ ಆಂಡಿ ಮಾಂಟ್ರೋಲ್ ಇವರಿಬ್ಬರನ್ನೂ ಸೋಲಿಸ್ತಿದ್ರು, ಪಾಪ ಮೊದಲ ಪ್ರಾಶಸ್ತ್ಯ ಕಮ್ಮಿ ಇದ್ದಿದ್ರಿಂದ ಮೊದಲೇ ಔಟಾದ್ರು. ಜನಕ್ಕೆ ಸಿಟ್ಟು ಬಂತು, 2010ರಲ್ಲಿ ಆ ಪದ್ಧತಿನೇ ತೆಗೆದು ಹಾಕಿದ್ರು. ಅದೇ ಊರು 2021ರಲ್ಲಿ ಕೌನ್ಸಿಲ್‌ಗೆ ಮತ್ತೆ ಆರ್‌ಸಿವಿ ತಂತು ಅನ್ನೋದನ್ನ ಯಾರೂ ಹೇಳಲ್ಲ, ನೀವು ಹೇಳಿ, ಆದ್ರೆ 2009ರಲ್ಲಿ ಆಗಿದ್ದು ಸುಳ್ಳು ಅಂತ ಮಾತ್ರ ವಾದ ಮಾಡ್ಬೇಡಿ, ಅದು ನಿಜವಾದ ಕೊರತೆ.

ಕಾನೂನು ಓದದೆ ಒಂದು ಸಹಿನೂ ತಗೋಬೇಡಿ

ಸಹಿ ಅಂದ್ರೆ ಈ ವಿಷಯವನ್ನ ಜನರ ಓಟಿಗೆ ಹಾಕಿಸೋಕೆ ಊರಿನ ವೋಟರ್‌ಗಳಿಂದ ತಗೊಳ್ಳೋ ಸಹಿ. ಇಡೀ ಗೈಡಲ್ಲಿ ಇದೊಂದನ್ನ ಮಾತ್ರ ಓದಿದ್ರೂ ಪರ್ವಾಗಿಲ್ಲ. ಅಮೆರಿಕದಲ್ಲಿ ಊರಿಗೆ ಎಷ್ಟು ಅಧಿಕಾರ ಇದೆ ಅನ್ನೋದು ರಾಜ್ಯ ಕೊಟ್ಟಷ್ಟೇ, ಕೆಲವು ರಾಜ್ಯದಲ್ಲಿ ಹೋಮ್ ರೂಲ್ ಅಂತ ಊರೇ ತನ್ನ ಎಲೆಕ್ಷನ್ ನಿಯಮ ಮಾಡ್ಕೋಬಹುದು, ಕೆಲವು ಕಡೆ ರಾಜ್ಯದ ಅನುಮತಿ ಇಲ್ದೆ ಏನೂ ಮಾಡೋ ಹಾಗಿಲ್ಲ.

ಕ್ಯಾಲಿಫೋರ್ನಿಯಾನೇ ತಗೊಳ್ಳಿ, ಬೇ ಏರಿಯಾದಲ್ಲಿ ನಮ್ಮವರು ತುಂಬಾ ಇದ್ದಾರೆ. ಅಲ್ಲಿ ಚಾರ್ಟರ್ ಸಿಟಿ, ಜನರಲ್ ಲಾ ಸಿಟಿ ಅಂತ ಎರಡು ಥರ, ಮೊದಲನೇದಕ್ಕೆ ತನ್ನದೇ ಚಾರ್ಟರ್ ಇರತ್ತೆ, ಎರಡನೇದು ರಾಜ್ಯದ ಸಾಮಾನ್ಯ ಕಾನೂನಿನ ಪ್ರಕಾರ ನಡೆಯತ್ತೆ. ಸ್ಯಾನ್ ಫ್ರಾನ್ಸಿಸ್ಕೋ, ಓಕ್‌ಲ್ಯಾಂಡ್, ಬರ್ಕ್ಲಿ, ಸ್ಯಾನ್ ಲಿಯಾಂಡ್ರೋ ಇವೆಲ್ಲಾ ಚಾರ್ಟರ್ ಸಿಟಿ ಆಗಿದ್ರಿಂದ ಆರ್‌ಸಿವಿ ತರೋಕಾಯ್ತು. ಸ್ಯಾನ್ ಹೋಸೆ, ಸನಿವೇಲ್, ಸಾಂಟಾ ಕ್ಲಾರಾ ಊರುಗಳಿಗೂ ಚಾರ್ಟರ್ ಇದೆ, ಅಲ್ಲಿ ಇರೋರು ಪ್ರಯತ್ನ ಮಾಡ್ಬಹುದು. ಆದ್ರೆ ಕ್ಯುಪರ್ಟಿನೋ, ಫ್ರೀಮಾಂಟ್ ಜನರಲ್ ಲಾ ಸಿಟಿಗಳು, ಅಲ್ಲಿ ನೀವು ಎಷ್ಟು ಸಹಿ ತಂದ್ರೂ ಈಗಿರೋ ಕಾನೂನಲ್ಲಿ ಆಗಲ್ಲ. ಅಂಥ ಊರುಗಳಿಗೂ ಅವಕಾಶ ಕೊಡೋ ಬಿಲ್ ಒಂದು 2019ರಲ್ಲಿ ಪಾಸಾಗಿತ್ತು, ಗವರ್ನರ್ ನ್ಯೂಸಮ್ ವೀಟೋ ಮಾಡಿದ್ರು. ಹಾಗಾಗಿ ಫ್ರೀಮಾಂಟಲ್ಲಿ ಇರೋರು ಸಿಟಿ ಹಾಲ್‌ಗೆ ಹೋಗೋ ಬದಲು ತಮ್ಮ ಅಸೆಂಬ್ಲಿ ಮೆಂಬರ್ ಆಫೀಸಿಗೆ ಹೋಗೋದು ಒಳ್ಳೇದು.

ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಜನ 2021ರ ಮೇನಲ್ಲಿ ಆರ್‌ಸಿವಿಗೆ ಹೂಂ ಅಂದ್ರು, ಮಿಶಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಅದೇ ವರ್ಷ ನವೆಂಬರ್‌ನಲ್ಲಿ, ಎರಡೂ ಕಡೆ ರಾಜ್ಯದ ಕಾನೂನು ಬದಲಾಗೋ ತನಕ ಬಳಸೋ ಹಾಗಿಲ್ಲ. ಆ್ಯನ್ ಆರ್ಬರ್‌ಗೆ ಇದು ಹಳೇ ಪರಿಚಯ, 1975ರಲ್ಲೇ ಒಂದ್ಸಲ ಬಳಸಿ ಊರಿನ ಮೊದಲ ಕಪ್ಪು ಮೇಯರ್ ಆಲ್ಬರ್ಟ್ ವೀಲರ್ ಅವರನ್ನ ಗೆಲ್ಸಿದ್ರು, ಮರುವರ್ಷವೇ ತೆಗೆದು ಹಾಕಿದ್ರು. ಜಾರಿ ಆಗಲ್ಲ ಅಂತ ಗೊತ್ತಿದ್ದೂ ಪಾಸ್ ಮಾಡಿಸೋದ್ರಲ್ಲಿ ಅರ್ಥ ಇದೆಯಾ ಅಂತ ಕೇಳ್ಬಹುದು. ರಾಜ್ಯದವರ ಮೇಲೆ ಒತ್ತಡ ಹಾಕೋಕೆ ಅಂತಾದ್ರೆ ಇದೆ, ಆದ್ರೆ ಸಹಿ ಹಾಕೋರಿಗೆ ಅದನ್ನ ಮೊದಲೇ ಬಾಯ್ಬಿಟ್ಟು ಹೇಳ್ಬೇಕು, ಮುಂದಿನ ವರ್ಷವೇ ಬರತ್ತೆ ಅಂತ ನಂಬಿಸಿದ್ರೆ ಇನ್ನೊಂದ್ಸಲ ನಿಮ್ಮನ್ನ ಯಾರೂ ಹತ್ರ ಸೇರಿಸಲ್ಲ.

ವರ್ಜೀನಿಯಾದಲ್ಲಿ ಇರೋರಿಗೆ ದಾರಿ ಸಲೀಸು. 2020ರಲ್ಲಿ ಬಂದ ಕಾನೂನಿನ ಪ್ರಕಾರ ಕೌಂಟಿ ಬೋರ್ಡ್, ಸಿಟಿ ಕೌನ್ಸಿಲ್ ತಾವೇ ನಿರ್ಣಯ ಮಾಡಿ ತಮ್ಮ ಎಲೆಕ್ಷನ್ನಿಗೆ ತರ್ಬಹುದು, ಆರ್ಲಿಂಗ್ಟನ್ ಕೌಂಟಿ 2023ರ ಜೂನ್ ಪ್ರೈಮರಿಲಿ ಬಳಸ್ತು. ಅಲ್ಲಿ ಸಹಿ ಸಂಗ್ರಹ ಬೇಕಾಗೇ ಇಲ್ಲ, ಬೋರ್ಡ್‌ನ ಬಹುಮತ ಸಿಕ್ರೆ ಸಾಕು.

ಇನ್ನು ಫ್ಲೋರಿಡಾ, ಟೆನೆಸಿ ಎರಡೂ 2022ರಲ್ಲೇ ಆರ್‌ಸಿವಿ ಬ್ಯಾನ್ ಮಾಡಿವೆ, ಆಮೇಲೆ ಇನ್ನೂ ಎಷ್ಟೋ ರಾಜ್ಯ ಆ ಸಾಲಿಗೆ ಸೇರ್ಕೊಂಡ್ವು. ಮಿಸೌರಿ 2024ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಆರ್‌ಸಿವಿ, ಅಪ್ರೂವಲ್ ಎರಡನ್ನೂ ಬ್ಯಾನ್ ಮಾಡ್ತು, ಆಗಲೇ ಅಪ್ರೂವಲ್ ಬಳಸ್ತಿದ್ದ ಸೇಂಟ್ ಲೂಯಿಸ್‌ಗೆ ಮಾತ್ರ ವಿನಾಯಿತಿ. ಫಾರ್ಗೋಗೆ ಆ ಅದೃಷ್ಟ ಇರ್ಲಿಲ್ಲ, 2023ರಲ್ಲಿ ಬಂದ ಬ್ಯಾನ್ ಬಿಲ್‌ನ ಆಗಿನ ಗವರ್ನರ್ ವೀಟೋ ಮಾಡಿ ಉಳಿಸಿದ್ರು, 2025ರಲ್ಲಿ ಮತ್ತೆ ಬಂತು, ಹೊಸ ಗವರ್ನರ್ ಸಹಿ ಹಾಕಿದ್ರು, ಅಲ್ಲಿಗೆ ಮುಗೀತು. ಊರಿನವರೇ ಓಟ್ ಹಾಕಿ ತಂದಿದ್ದನ್ನ ರಾಜಧಾನಿಲಿ ಕೂತೋರು ತೆಗೆಯೋದು ನಂಗೆ ಅನ್ಯಾಯ ಅನ್ಸತ್ತೆ, ಆದ್ರೆ ಕಾನೂನು ಅದಕ್ಕೆ ಜಾಗ ಕೊಟ್ಟಿದೆ. ಅದಕ್ಕೇ ನಿಮ್ಮೂರಿನ ಕ್ಯಾಂಪೇನ್ ಶುರು ಮಾಡೋ ದಿನವೇ ನಿಮ್ಮ ಭಾಗದ ಸ್ಟೇಟ್ ಸೆನೆಟರ್ ಯಾರು, ಅವರ ನಿಲುವೇನು ಅಂತಾನೂ ತಿಳ್ಕೊಂಡಿರಿ.

ಎಲೆಕ್ಷನ್ ನಡೆಸೋರ ಹತ್ರ ಹೋಗಿ ಕೂತು ಮಾತಾಡಿ

ಊರಿನ ಎಲೆಕ್ಷನ್ ಆದ್ರೂ ಬ್ಯಾಲಟ್ ಪ್ರಿಂಟ್ ಮಾಡಿಸೋದು, ಎಣಿಸೋದು ಹೆಚ್ಚಿನ ಕಡೆ ಕೌಂಟಿಯವರು. ಕ್ಲರ್ಕ್ ಅಂತಲೋ ರಿಜಿಸ್ಟ್ರಾರ್ ಆಫ್ ವೋಟರ್ಸ್ ಅಂತಲೋ ಹೆಸರಿರತ್ತೆ. ಅವರ ಹತ್ರ ಕೇಳ್ಬೇಕಾಗಿದ್ದು ಇಷ್ಟು: ಈಗಿರೋ ಮೆಷಿನ್ ಮತ್ತೆ ಸಾಫ್ಟ್‌ವೇರ್‌ಗೆ ರ‍್ಯಾಂಕಿಂಗ್ ಎಣಿಸೋಕೆ ಬರತ್ತಾ, ರಾಜ್ಯದ ಸರ್ಟಿಫಿಕೇಶನ್ ಇದೆಯಾ, ಇಲ್ದಿದ್ರೆ ಯಾವಾಗ ಮೆಷಿನ್ ಬದಲಾಯಿಸ್ತಾರೆ, ಖರ್ಚು ಎಷ್ಟಾಗತ್ತೆ, ಆ ಖರ್ಚು ಊರಿಂದೋ ಕೌಂಟಿದೋ. ಹೊಸ ಮೆಷಿನ್ ಬರೋ ವರ್ಷಕ್ಕೆ ಹೊಂದಿಸ್ಕೊಂಡು ಜಾರಿ ದಿನಾಂಕ ಬರೆದ್ರೆ ಅರ್ಧ ತಕರಾರು ಅಲ್ಲೇ ಮುಗಿಯತ್ತೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2002ರ ಮಾರ್ಚಲ್ಲಿ ಪಾಸಾದ ಆರ್‌ಸಿವಿ 2003ರಲ್ಲಿ ಬರ್ಬೇಕಿತ್ತು, ಎಣಿಕೆ ವ್ಯವಸ್ಥೆ ರೆಡಿ ಇರ್ಲಿಲ್ಲ ಅಂತ ಒಂದು ವರ್ಷ ತಡ ಆಗಿ 2004ಕ್ಕೆ ಬಂತು.

ಈ ಆಫೀಸಿನವರನ್ನ ಎದುರಾಳಿ ಥರ ನೋಡ್ಬೇಡಿ, ಅವರಿಗೆ ಇರೋದು ಎಲೆಕ್ಷನ್ ರಾತ್ರಿ ಎಡವಟ್ಟಾದ್ರೆ ಬೈಸ್ಕೊಳ್ಳೋದು ತಾವೇ ಅನ್ನೋ ಭಯ, ಅದು ನ್ಯಾಯವಾದ ಭಯನೇ.

ಯಾರ್ಯಾರು ಏನೇನು ಮಾಡ್ಬಹುದು

ಇಲ್ಲಿ ನಮ್ಮವರು ತುಂಬಾ ಹುಷಾರಾಗಿರ್ಬೇಕು. ಓಟ್ ಹಾಕೋದು, ವೋಟರ್ ಆಗಿ ರಿಜಿಸ್ಟರ್ ಆಗೋದು, ಇನಿಷಿಯೇಟಿವ್ ಅರ್ಜಿಗೆ (ವಿಷಯವನ್ನ ಜನರ ಓಟಿಗೆ ಹಾಕಿಸೋ ಅರ್ಜಿ) ಸಹಿ ಹಾಕೋದು ಹೆಚ್ಚುಕಮ್ಮಿ ಎಲ್ಲಾ ಕಡೆ ಸಿಟಿಜನ್ ಆದೋರು ಮಾತ್ರ. ಹಾಗಿಲ್ದೆ ಗ್ರೀನ್ ಕಾರ್ಡ್, ಎಚ್‌1ಬಿ ಮೇಲಿರೋರು ಡಿಎಂವಿಲಿ ಯಾವುದೋ ಫಾರ್ಮಲ್ಲಿ ಗೊತ್ತಾಗದೆ ಟಿಕ್ ಮಾಡಿ ರಿಜಿಸ್ಟರ್ ಆದ್ರೂ ಮುಂದೆ ಇಮಿಗ್ರೇಶನ್‌ಗೆ ದೊಡ್ಡ ಹೊಡೆತ, ದೇಶ ಬಿಡ್ಬೇಕಾಗಿ ಬರ್ಬಹುದು. ಪಾಟ್‌ಲಕ್ಕಲ್ಲಿ ಕ್ಲಿಪ್‌ಬೋರ್ಡ್ ಹಿಡ್ಕೊಂಡು ಓಡಾಡುವಾಗ ಮೊದಲು ಕೇಳ್ಬೇಕಾದ ಪ್ರಶ್ನೆನೇ "ನೀವು ಈ ಊರಲ್ಲಿ ರಿಜಿಸ್ಟರ್ಡ್ ವೋಟರಾ?" ಅನ್ನೋದು. ಮುಜುಗರ ಅನ್ಸಿದ್ರೂ ಕೇಳಿ.

ಸಿಟಿಜನ್ ಅಲ್ದೋರು ಕೌನ್ಸಿಲ್ ಮೀಟಿಂಗಲ್ಲಿ ಮಾತಾಡ್ಬಹುದು, ಸಂಬಳ ಇಲ್ದೆ ಸ್ವಯಂಸೇವಕರಾಗಿ ದುಡೀಬಹುದು, ಪೋಸ್ಟರ್ ಡಿಸೈನ್, ವೆಬ್‌ಸೈಟ್, ಡೇಟಾ ಕೆಲಸ ಎಲ್ಲಾ ಮಾಡ್ಬಹುದು. ದುಡ್ಡು ಕೊಡೋಕೆ ಮಾತ್ರ ಮುಂಚೆ ಕಾನೂನು ಗೊತ್ತಿರೋರನ್ನ ಕೇಳಿ, ಕ್ಯಾಲಿಫೋರ್ನಿಯಾದಲ್ಲಿ ಗ್ರೀನ್ ಕಾರ್ಡ್ ಇಲ್ದಿರೋ ವಿದೇಶಿಯರು ಬ್ಯಾಲಟ್ ಮೆಷರ್‌ಗೂ (ಜನರ ಓಟಿಗೆ ಬರೋ ಪ್ರಸ್ತಾವಕ್ಕೂ) ದುಡ್ಡು ಕೊಡೋ ಹಾಗಿಲ್ಲ. ಹಾಗೇ ಕನ್ನಡ ಕೂಟದ ಹೆಸರನ್ನ ಕ್ಯಾಂಪೇನಿಗೆ ಎಳೀಬೇಡಿ, ಹೆಚ್ಚಿನ ಕೂಟಗಳು ನಾನ್ ಪ್ರಾಫಿಟ್ ಆಗಿರ್ತವೆ, ಅವಕ್ಕೆ ಅವುಗಳದ್ದೇ ನಿಯಮ ಇರತ್ತೆ. ಕೂಟದಲ್ಲಿ ಪರಿಚಯ ಆದೋರನ್ನ ಕರೀರಿ, ಅಷ್ಟೇ. ಮತ್ತೆ ಬರೀ ನಮ್ಮವರೇ ಇರೋ ಟೀಮ್ ಕಟ್ಬೇಡಿ, ಊರಿನಲ್ಲಿ ಲೀಗ್ ಆಫ್ ವಿಮೆನ್ ವೋಟರ್ಸ್ (ಮತದಾರರಿಗಾಗಿ ಕೆಲಸ ಮಾಡೋ, ಯಾವ ಪಾರ್ಟಿಗೂ ಸೇರದ ಸಂಘ) ಶಾಖೆ ಇದ್ರೆ ಮೊದಲು ಅಲ್ಲಿಗೆ ಹೋಗಿ, ಊರಲ್ಲಿ ಯಾರಿಗೆ ಏನು ಸಿಟ್ಟಿದೆ, ಹಳೇ ಪ್ರಯತ್ನ ಯಾಕೆ ಸೋತ್ವು ಅನ್ನೋದೆಲ್ಲಾ ಅವರ ಹತ್ರ ಸಿಗತ್ತೆ. ಸಾಂಟಾ ಕ್ಲಾರಾದಲ್ಲಿ 2018ರ ಜೂನ್‌ನಲ್ಲಿ ಊರನ್ನ ಎರಡು ಡಿಸ್ಟ್ರಿಕ್ಟ್ ಮಾಡಿ ತಲಾ 3 ಜನರನ್ನ ರ‍್ಯಾಂಕಿಂಗಲ್ಲಿ ಆರಿಸೋ ಮೆಷರ್ ಸೋತಿತ್ತು, ಅಂಥಾ ಊರಲ್ಲಿ ಮತ್ತೆ ಹೋಗೋರು ಆಗ ವಿರೋಧ ಮಾಡಿದೋರನ್ನ ಮಾತಾಡಿಸದೆ ಶುರು ಮಾಡ್ಬಾರ್ದು.

ಕೌನ್ಸಿಲ್ ಮೂಲಕವೋ ಸಹಿ ಮೂಲಕವೋ

ಕೌನ್ಸಿಲ್ ಮೂಲಕ ಆದ್ರೆ ಖರ್ಚು ಕಮ್ಮಿ. ಪಬ್ಲಿಕ್ ಕಾಮೆಂಟಲ್ಲಿ ನಿಮಗೆ ಸಿಗೋದು ಎರಡೋ ಮೂರೋ ನಿಮಿಷ, ಮತ್ತೆ ಕ್ಯಾಲಿಫೋರ್ನಿಯಾದ ಬ್ರೌನ್ ಆ್ಯಕ್ಟ್ ಪ್ರಕಾರ ಅಜೆಂಡಾದಲ್ಲಿ ಇಲ್ದಿರೋ ವಿಷಯದ ಮೇಲೆ ಕೌನ್ಸಿಲ್ ನಿರ್ಧಾರ ಮಾಡೋ ಹಾಗಿಲ್ಲ, ಅದಕ್ಕೇ ನೀವು ಮಾತಾಡಿದಾಗ ಅವರು ಸುಮ್ನೆ ಮುಖ ನೋಡ್ತಾರೆ, ಅವಮಾನ ಅಂತ ತಿಳ್ಕೋಬೇಡಿ. ಮೀಟಿಂಗ್‌ಗೆ ಮುಂಚೆನೇ ಒಬ್ಬ ಕೌನ್ಸಿಲರ್ ಜೊತೆ ಕಾಫಿಗೆ ಕೂತು ಅಜೆಂಡಾಗೆ ಹಾಕಿಸೋದು ಮುಖ್ಯ. ಊರಲ್ಲಿ ಚಾರ್ಟರ್ ರಿವ್ಯೂ ಕಮಿಟಿ ನಡೀತಿದ್ರೆ ಅದಕ್ಕೆ ಅರ್ಜಿ ಹಾಕಿ ಸೇರ್ಕೊಳ್ಳಿ, ಪೋರ್ಟ್‌ಲ್ಯಾಂಡ್‌ನಲ್ಲಿ ಆಗಿದ್ದು ಅಂಥ ಚಾರ್ಟರ್ ಕಮಿಷನ್ ಮೂಲಕವೇ. ರನ್‌ಆಫ್, ಅಂದ್ರೆ ಮೊದಲ ಇಬ್ಬರ ನಡುವೆ ಎರಡನೇ ಎಲೆಕ್ಷನ್, ನಡೆಸೋ ಊರಾದ್ರೆ ಅದರ ಖರ್ಚಿನ ಲೆಕ್ಕ ತಗೊಂಡು ಹೋಗಿ, ಎರಡು ಎಲೆಕ್ಷನ್ ಕೆಲಸ ಒಂದರಲ್ಲೇ ಮುಗಿಯತ್ತೆ ಅನ್ನೋದು ಎಲ್ಲಾ ಪಾರ್ಟಿಯವರಿಗೂ ಅರ್ಥ ಆಗತ್ತೆ.

ಸಹಿ ದಾರಿಗೆ ಬೆವರು ಜಾಸ್ತಿ. ಕ್ಯಾಲಿಫೋರ್ನಿಯಾದಲ್ಲಿ ಚಾರ್ಟರ್ ತಿದ್ದುಪಡಿಗೆ ಊರಿನ ರಿಜಿಸ್ಟರ್ಡ್ ವೋಟರ್‌ಗಳಲ್ಲಿ 15% ಸಹಿ ಬೇಕು, 180 ದಿನದೊಳಗೆ. ಮಿನೆಸೋಟಾದಲ್ಲಿ ಹಿಂದಿನ ರಾಜ್ಯ ಎಲೆಕ್ಷನ್ನಲ್ಲಿ ಊರಲ್ಲಿ ಬಿದ್ದ ಓಟಿನ 5%. ನಿಮ್ಮೂರಿನ ಲೆಕ್ಕ ಏನೇ ಇರ್ಲಿ, ಬೇಕಾಗಿದ್ದಕ್ಕಿಂತ ಕಾಲು ಭಾಗ ಜಾಸ್ತಿನೇ ಕಲೆಹಾಕಿ. ಯಾಕಂದ್ರೆ ವಿಳಾಸ ಬದಲಾದೋರು, ಪಕ್ಕದ ಊರಿನೋರು, ಎರಡು ಸಲ ಸಹಿ ಹಾಕಿದೋರು ಎಲ್ಲಾ ಬಿದ್ದು ಹೋಗ್ತಾರೆ. ನಮ್ಮವರಲ್ಲಿ ಇನಿಷಿಯಲ್ಲು, ತಂದೆ ಹೆಸರು, ಊರ ಹೆಸರು ಹಿಂದೆಮುಂದೆ ಆಗಿ ರಿಜಿಸ್ಟ್ರೇಶನ್ನಲ್ಲಿ ಒಂದು ಥರ, ಸಹಿ ಮಾಡೋವಾಗ ಇನ್ನೊಂದು ಥರ ಬರೆಯೋದು ಸಾಮಾನ್ಯ, ರಿಜಿಸ್ಟರ್ ಆಗಿರೋ ಹಾಗೇ ಬರೀರಿ ಅಂತ ಪ್ರತಿಯೊಬ್ಬರಿಗೂ ಹೇಳ್ಬೇಕು.

ಬ್ಯಾಲಟ್ ಮೇಲೆ ಬರೋ ಪ್ರಶ್ನೆಯ ಮಾತುಗಳನ್ನ ಸಾಮಾನ್ಯವಾಗಿ ಸಿಟಿ ಅಟಾರ್ನಿ ಬರೀತಾರೆ, ಆ ಡ್ರಾಫ್ಟ್ ಬಂದ ದಿನವೇ ಓದಿ, ತಕರಾರಿದ್ರೆ ಗಡುವಿನೊಳಗೆ ಹೇಳಿ. ವೋಟರ್ ಪುಸ್ತಿಕೆಲಿ ಪರವಾಗಿ ಬರೆಯೋಕೆ ಕ್ಯಾಲಿಫೋರ್ನಿಯಾ ಊರುಗಳಲ್ಲಿ 300 ಪದ, ಎದುರಾಳಿ ವಾದಕ್ಕೆ ಉತ್ತರ ಕೊಡೋಕೆ 250 ಪದ. ಮನೆಮನೆಗೂ ಹೋಗೋ ಕಾಗದ ಅದೊಂದೇ, ಅದನ್ನ ಕೊನೇ ರಾತ್ರಿಗೆ ಇಟ್ಕೋಬೇಡಿ.

ತೋರಿಸಿ ಕೊಡಿ

ಭಾಷಣಕ್ಕಿಂತ ಅಣಕು ಮತದಾನ ಸಾವಿರ ಪಾಲು ಮೇಲು. ದೀಪಾವಳಿ ಪಾಟ್‌ಲಕ್ಕಲ್ಲಿ ಮುಂದಿನ ಸಲ ಯಾವ ಸಿಹಿ ಮಾಡಿಸೋದು ಅಂತ ಚೀಟಿ ಕೊಡಿ. 60 ಜನ ಓಟ್ ಹಾಕಿದ್ರು ಅಂದ್ಕೊಳ್ಳಿ, ಮೈಸೂರು ಪಾಕಿಗೆ 25, ಹೋಳಿಗೆಗೆ 20, ಕಜ್ಜಾಯಕ್ಕೆ 15 ಮೊದಲ ಪ್ರಾಶಸ್ತ್ಯ. ಮಾಮೂಲಿ ಪದ್ಧತಿಲಿ ಮೈಸೂರು ಪಾಕ್ ಗೆದ್ದಾಯ್ತು. ಇಲ್ಲಿ ಕಜ್ಜಾಯ ಔಟ್, ಆ 15 ಚೀಟಿಲಿ 11 ಜನ ಎರಡನೇದು ಹೋಳಿಗೆ ಬರ್ದಿದ್ದಾರೆ, 3 ಜನ ಮೈಸೂರು ಪಾಕ್, ಒಬ್ಬರು ಎರಡನೇದು ಬರ್ದೇ ಇಲ್ಲ. ಈಗ ಹೋಳಿಗೆ 31, ಮೈಸೂರು ಪಾಕ್ 28, ಹೋಳಿಗೆ ಗೆದ್ದಂಗೆ. ಆ ಒಬ್ಬರ ಚೀಟಿ ಎಲ್ಲಿಗೆ ಹೋಯ್ತು ಅಂತ ಖಂಡಿತಾ ಯಾರಾದ್ರೂ ಕೇಳ್ತಾರೆ, ಅದು ಕೊನೇ ಸುತ್ತಿಗೆ ಲೆಕ್ಕಕ್ಕೆ ಬರಲ್ಲ ಅಂತ ನೇರವಾಗಿ ಹೇಳಿ. ಚೀಟಿಗಳನ್ನ ಟೇಬಲ್ ಮೇಲೆ ಎಲ್ಲರ ಕಣ್ಮುಂದೆ ಕೈಯಲ್ಲೇ ಎಣಿಸಿ, ಲ್ಯಾಪ್‌ಟಾಪ್ ಬೇಡ.

ಹಿರಿಯರು, ಅಂದ್ರೆ ಮಕ್ಕಳ ಜೊತೆ ಬಂದು ಸಿಟಿಜನ್ ಆಗಿರೋ ಅಪ್ಪ ಅಮ್ಮಂದಿರಿಗೆ ಒಂದು ಪುಟದ ಕನ್ನಡ ಹಾಳೆ ಮಾಡಿ, ದೊಡ್ಡ ಅಕ್ಷರದಲ್ಲಿ, ಬ್ಯಾಲಟ್ ಚಿತ್ರದ ಸಮೇತ. ಪದವೀಧರ ಕ್ಷೇತ್ರದಲ್ಲಿ ನಂಬರ್ ಬದಲು ಟಿಕ್ ಹಾಕಿ ಓಟು ಅಸಿಂಧು ಆಗೋದು ಪ್ರತಿ ಸಲ ಕೇಳ್ತೀವಿ, ಡಿಗ್ರಿ ಓದಿದೋರಿಗೇ ಹಾಗಾಗತ್ತೆ ಅಂದ್ರೆ ತೋರಿಸಿ ಕೊಡೋದು ಬೇಕೇ ಬೇಕು. ಅಮೆರಿಕದ ಬ್ಯಾಲಟ್ಟಲ್ಲಿ ನಂಬರ್ ಬರೆಯೋದಲ್ಲ, ಸಾಮಾನ್ಯವಾಗಿ ಅಡ್ಡಸಾಲಲ್ಲಿ ಹೆಸರು, ಮೇಲೆ 1, 2, 3, ಸರಿಯಾದ ಗುಂಡಗಿನ ಜಾಗ ತುಂಬೋದು. ಒಬ್ಬರಿಗೇ ಮೂರೂ ತುಂಬಿದ್ರೆ ಏನೂ ಲಾಭ ಇಲ್ಲ ಅಂತ ಹೇಳೋದು ಮರೀಬೇಡಿ.

"ಜನಕ್ಕೆ ಗೊಂದಲ ಆಗತ್ತೆ" ಅನ್ನೋ ಆಕ್ಷೇಪಕ್ಕೆ ಅವರನ್ನ ದಡ್ಡರು ಅನ್ನೋ ಥರ ಉತ್ತರ ಕೊಡ್ಬೇಡಿ. ನ್ಯೂಯಾರ್ಕ್ ಸಿಟಿಲಿ 2019ರಲ್ಲಿ ಸುಮಾರು 73% ಜನ ಆರ್‌ಸಿವಿ ಒಪ್ಪಿದ ಮೇಲೂ, ಜನಕ್ಕೆ ಸರಿಯಾಗಿ ತಿಳಿಸಿಲ್ಲ ಅಂತ ಕೆಲವು ಕೌನ್ಸಿಲ್ ಸದಸ್ಯರು 2020ರ ಕೊನೇಲಿ ಕೋರ್ಟಿಗೆ ಹೋಗಿದ್ರು, ಇಂಗ್ಲಿಷ್ ಬಾರದ, ಬಡ ಏರಿಯಾಗಳ ಜನ ಹಿಂದೆ ಬೀಳ್ತಾರೆ ಅನ್ನೋದು ಅವರ ಕಾಳಜಿ. ಅದಕ್ಕೆ ಉತ್ತರ ಮೆಷರ್ ಒಳಗೇ ಇರ್ಬೇಕು, ಮತದಾರರ ಶಿಕ್ಷಣಕ್ಕೆ ಸಿಟಿ ದುಡ್ಡು ಇಡ್ಲೇಬೇಕು ಅಂತ ಬರೆಸಿ. ಅಭ್ಯರ್ಥಿಗಳು ಜಾಸ್ತಿ ಆಗ್ತಾರೆ ಅನ್ನೋದೂ ನಿಜ, ಮಿನಿಯಾಪೊಲಿಸ್‌ನಲ್ಲಿ 2013ರಲ್ಲಿ ಮೇಯರ್‌ಗೆ 35 ಜನ ನಿಂತಿದ್ರು, ಆಗ ಅರ್ಜಿ ಶುಲ್ಕ ಬರೀ 20 ಡಾಲರ್, ಆಮೇಲೆ ಅದನ್ನ 500 ಮಾಡಿದ್ರು.

ಗೆದ್ದ ಮೇಲೆ ಮನೆಗೆ ಹೋಗ್ಬೇಡಿ

ಟೆನೆಸಿಯ ಮೆಂಫಿಸ್‌ನಲ್ಲಿ ಜನ 2008ರಲ್ಲಿ ಆರ್‌ಸಿವಿ ಒಪ್ಪಿದ್ರು, ಒಂದ್ಸಲವೂ ಬಳಸ್ಲಿಲ್ಲ, 2022ರಲ್ಲಿ ರಾಜ್ಯ ಬ್ಯಾನ್ ಮಾಡ್ತು. ಫ್ಲೋರಿಡಾದ ಸರಸೋಟಾ 2007ರಲ್ಲೇ ಪಾಸ್ ಮಾಡಿತ್ತು, ಅದೂ ಬಳಕೆಗೆ ಬರೋ ಮುಂಚೆನೇ ಸತ್ತೋಯ್ತು. ನ್ಯೂ ಮೆಕ್ಸಿಕೋದ ಸಾಂಟಾ ಫೆ ಕೂಡ 2008ರಲ್ಲೇ ಪಾಸ್ ಮಾಡಿದ್ದು, ಸಾಫ್ಟ್‌ವೇರ್ ಇಲ್ಲ ಅಂತ ಮುಂದೂಡ್ತಾ ಬಂದ್ರು, ಕೊನೆಗೆ ಊರಿನವರು ಕೋರ್ಟಿಗೆ ಹೋಗಿ ಆದೇಶ ತಂದ ಮೇಲೆ 2018ರ ಮಾರ್ಚಲ್ಲಿ ಮೊದಲ ಸಲ ಬಳಸಿದ್ರು. ಹತ್ತು ವರ್ಷ. ಈ ಮೂರೂ ಊರಲ್ಲಿ ಜನ ಒಪ್ಪಿದ್ರು ಅನ್ನೋದನ್ನ ಗಮನಿಸಿ. "ಮೆಷಿನ್ ಸಿಕ್ಕಾಗ", "ಅನುಕೂಲ ಆದಾಗ" ಅನ್ನೋ ಮಾತು ಮೆಷರ್‌ನಲ್ಲಿ ಇದ್ರೆ ಯಾರೋ ಒಬ್ಬರು ಅದನ್ನೇ ಹಿಡ್ಕೊಂಡು ಕೂರ್ತಾರೆ. ಇಂಥ ವರ್ಷದ ಇಂಥ ಎಲೆಕ್ಷನ್ನಿಂದ ಅಂತ ಬರೆಸಿ, ಪಾಸಾದ ಮೇಲೆ ಟೀಮಿಂದ ಒಬ್ಬರಾದ್ರೂ ಎಲೆಕ್ಷನ್ ಆಫೀಸಿನ ಪ್ರತಿ ಮೀಟಿಂಗಿಗೆ ಹೋಗ್ಲಿ.

ಮೊದಲ ಎಣಿಕೆಗೂ ಅಲ್ಲೇ ಇರಿ. ನ್ಯೂಯಾರ್ಕ್‌ನಲ್ಲಿ 2021ರ ಜೂನ್ ಪ್ರೈಮರಿಲಿ ಸುಮಾರು 1,35,000 ಟೆಸ್ಟ್ ಬ್ಯಾಲಟ್‌ಗಳನ್ನ ಅಳಿಸದೆ ನಿಜವಾದ ಓಟಿನ ಜೊತೆ ಸೇರಿಸಿ ಫಲಿತಾಂಶ ಹಾಕ್ಬಿಟ್ರು, ಆಮೇಲೆ ವಾಪಸ್ ತಗೊಂಡ್ರು, ತಪ್ಪು ಅಧಿಕಾರಿಗಳದ್ದು, ಕೆಟ್ಟ ಹೆಸರು ಪದ್ಧತಿಗೆ. ಓಕ್‌ಲ್ಯಾಂಡ್‌ನಲ್ಲಿ 2022ರ ಸ್ಕೂಲ್ ಬೋರ್ಡ್ ಎಲೆಕ್ಷನ್ನಲ್ಲಿ ಇನ್ನೂ ಕೆಟ್ಟದಾಯ್ತು, ಮೊದಲ ಪ್ರಾಶಸ್ತ್ಯ ಖಾಲಿ ಬಿಟ್ಟು ಎರಡನೇದು ತುಂಬಿದ ಬ್ಯಾಲಟ್‌ಗಳನ್ನ ಹೇಗೆ ಎಣಿಸ್ಬೇಕು ಅನ್ನೋ ಸೆಟ್ಟಿಂಗ್ ತಪ್ಪಾಗಿ ಸೋತೋರನ್ನ ಗೆದ್ದೋರು ಅಂತ ಸರ್ಟಿಫೈ ಮಾಡ್ಬಿಟ್ಟಿದ್ರು. ಅದನ್ನ ಹಿಡಿದಿದ್ದು ಆರ್‌ಸಿವಿ ಪರ ಕೆಲಸ ಮಾಡೋ ಹೊರಗಿನವರು, ಕೌಂಟಿಯವರು ಪಬ್ಲಿಕ್ ಮಾಡಿದ್ದ ಬ್ಯಾಲಟ್ ಡೇಟಾ ತಗೊಂಡು ಅವರೇ ಎಣಿಸಿ ನೋಡಿ ಕಂಡುಹಿಡಿದ್ರು. ಆದ್ದರಿಂದ ಕಾಸ್ಟ್ ವೋಟ್ ರೆಕಾರ್ಡ್, ಅಂದ್ರೆ ಹೆಸರಿಲ್ದೆ ಪ್ರತಿ ಬ್ಯಾಲಟ್ಟಲ್ಲಿ ಯಾರಿಗೆ ಯಾವ ರ‍್ಯಾಂಕ್ ಇದೆ ಅನ್ನೋ ಫೈಲನ್ನ ಫಲಿತಾಂಶ ಸರ್ಟಿಫೈ ಮಾಡೋಕೆ ಮುಂಚೆನೇ ಪಬ್ಲಿಕ್ ಮಾಡ್ಬೇಕು ಅಂತ ನಿಮ್ಮ ಮೆಷರ್‌ನಲ್ಲೇ ಒಂದು ಸಾಲು ಹಾಕಿಸಿ. ನಮ್ಮ ಕೂಟಗಳಲ್ಲಿ ಸಾಫ್ಟ್‌ವೇರ್‌ನವರಿಗೆ ಬರವಿಲ್ಲ, ಆ ಫೈಲ್ ಬಂದ ಸಂಜೆ ನಾಲ್ಕು ಜನ ಕೂತು ತಾವೇ ಒಂದು ಪ್ರೋಗ್ರಾಮ್ ಬರೆದು ಎಣಿಸಿ, ಕೌಂಟಿಯ ಲೆಕ್ಕದ ಜೊತೆ ತಾಳೆ ನೋಡಿ, ವ್ಯತ್ಯಾಸ ಕಂಡ್ರೆ ಅವತ್ತೇ ರಿಜಿಸ್ಟ್ರಾರ್‌ಗೆ ಬರಹದಲ್ಲಿ ತಿಳಿಸಿ.